ಆರಿದ್ರಾ ಮಳೆಯಲ್ಲಿ ಬಾರದ ಬೆಳಕು

(ಶಿವಮೊಗ್ಗದಲ್ಲಿ ವಿಜ್ಞಾನ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ವೇದಿಕೆಯ ಮೇಲೆ ಮಾಡಿ ತೋರಿಸಿದ್ದನ್ನು ಅಲ್ಲಲ್ಲಿ ವಿವರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸವಿದೆ. ಜಾತ್ರೆಯಲ್ಲಿ ಮಕ್ಕಳು ಕೈಗೆ ಸುತ್ತಿಕೊಂಡು ಓಡಾಡುವ ಹೊಳೆಯುವ ಬಳೆಗಳು ಇವು. ಒಂದೇ ಪೊಟ್ಟಣದಿಂದ ತೆಗೆದ ಮೂರು ಹಸಿರು ಬಳೆಗಳು. ಮೂರನ್ನೂ ಒಟ್ಟಿಗೆ ಬಾಗಿಸಿ ಒಳಗಿನ ಗಾಜಿನ ಕೊಳವೆಯನ್ನು ಮುರಿಯುತ್ತೇನೆ. ಒಂದನ್ನು ಐಸ್ ತುಂಬಿದ ಲೋಟಕ್ಕೆ, ಒಂದನ್ನು ನಲ್ಲಿಯ ನೀರಿಗೆ, ಮೂರನೆಯದನ್ನು ಫ್ಲಾಸ್ಕಿನಿಂದ ಬಗ್ಗಿಸಿದ ಬಿಸಿನೀರಿಗೆ ಹಾಕುತ್ತೇನೆ. ಈಗಲೇ ನೋಡಿ, ಬಿಸಿನೀರಿನದು ಕಣ್ಣು ಕೋರೈಸುವಂತಿದೆ. ಐಸಿನದು ಇದೆಯೋ ಇಲ್ಲವೋ ಎಂಬಂತಿದೆ. ಮೂರು ಲೋಟಗಳೂ ಈ ಮೇಜಿನ ಮೇಲೆಯೇ ಇರಲಿ. ಬಿಸಿನೀರು ಆರಿದ ಹಾಗೆಲ್ಲ ಯಾರಾದರೂ ಬದಲಾಯಿಸುತ್ತಿದ್ದರೆ ಸಾಕು.

ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದವನು. ಹಲವು ವರ್ಷಗಳ ಹಿಂದೆ ತೀರ್ಥಹಳ್ಳಿಯ ಕಡೆಯ ಒಂದು ಪ್ರೌಢಶಾಲೆಗೆ ಲ್ಯೂಮಿನಾಲ್ ಪ್ರಯೋಗ ತೋರಿಸಲು ಹೋಗಿದ್ದೆ. ಲ್ಯೂಮಿನಾಲ್ ಎಂದರೆ ಕ್ಷಾರದ ನೀರಿನಲ್ಲಿ ಕರಗಿಸಿ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ನೀಲಿಯಾಗಿ ಬೆಳಗುವ ಒಂದು ರಾಸಾಯನಿಕ. ಆರಿದ್ರಾ ಮಳೆಯ ದಿನಗಳು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುತ್ತಾರಲ್ಲ, ಆ ವರ್ಷ ಆರಿದ್ರಾ ಆಗಿತ್ತು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ನನ್ನ ಮಾತು ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಕಿಟಕಿಗಳಿಗೆ ಕಂಬಳಿ ಹೊದಿಸಿ ಕೋಣೆಯನ್ನು ಕತ್ತಲು ಮಾಡಿ, ಎರಡು ದ್ರಾವಣಗಳನ್ನು ಒಂದಕ್ಕೊಂದು ಸುರಿದೆ. ನೀಲಿ ಬೆಳಕು ಬರಬೇಕಿತ್ತು. ಬರಲಿಲ್ಲ. ಇನ್ನೊಮ್ಮೆ ಮಾಡಿದೆ. ಆಗಲೂ ಬರಲಿಲ್ಲ.

ಬೆಳಕು ಬಾರದೆ ಇದ್ದದ್ದು ನನಗೆ ದೊಡ್ಡ ನೋವಾಗಲಿಲ್ಲ. ಮರುದಿನ ಮಕ್ಕಳ ರೆಕಾರ್ಡ್ ಪುಸ್ತಕ ನೋಡಿದಾಗ ಆದದ್ದು ನೋವು. ಹೆಚ್ಚು ಕಡಿಮೆ ಇಡೀ ತರಗತಿ ‘ನೀಲಿ ಬೆಳಕು ಕಂಡುಬಂದಿತು’ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಹಾಗೆ ಬರೆಯದಿದ್ದರೆ ಅಂಕ ಹೋಗುತ್ತದೆ ಎಂದು ಆ ಮಕ್ಕಳಿಗೆ ನಾವೇ ಕಲಿಸಿದ್ದೆವು. ಒಬ್ಬಳು ಮಾತ್ರ ಬೇರೆ ಬರೆದಿದ್ದಳು: ‘ಬೆಳಕು ಬರಲಿಲ್ಲ. ಎರಡು ಸಲ ಮಾಡಿದರೂ ಬರಲಿಲ್ಲ. ಮಳೆ ಜೋರಾಗಿತ್ತು.’

ಮಳೆಗೂ ಪ್ರಯೋಗಕ್ಕೂ ಏನು ಸಂಬಂಧ ಎಂದು ಆ ಪುಟವನ್ನು ಓದಿದ ಯಾರಾದರೂ ಕೇಳಬಹುದು. ಇವತ್ತಿನ ನನ್ನ ಮಾತೆಲ್ಲ ಆ ಮೂರನೆಯ ವಾಕ್ಯದ ಬಗ್ಗೆಯೇ.

ಮೊದಲು, ಬೆಳಕು ಬರುವುದು ಹೇಗೆ ಎಂದು ಸ್ವಲ್ಪ ನೋಡೋಣ. ಬಚ್ಚಲ ಒಲೆಯ ಬೆಂಕಿ ಬೆಳಗುವುದು ಅದು ಬಿಸಿಯಾಗಿರುವುದರಿಂದ. ಈ ಬಳೆಯನ್ನು ಮುಟ್ಟಿದರೆ ತಣ್ಣಗಿದೆ. ಇಲ್ಲಿ ಎರಡು ವಸ್ತುಗಳು ಕೂಡಿ ಹೊಸ ಅಣು ಹುಟ್ಟುವಾಗ ಬಿಡುಗಡೆಯಾದ ಶಕ್ತಿ ಚೆದುರಿಹೋಗದೆ ಆ ಹೊಸ ಅಣುವಿನಲ್ಲಿಯೇ ಉಳಿದುಬಿಡುತ್ತದೆ. ಮನೆಯ ಅಟ್ಟದ ಮೇಲೆ ಹುಟ್ಟಿದ ಕೂಸಿನ ಹಾಗೆ ಆ ಅಣು, ನೆಲಕ್ಕೆ ಇಳಿಯಲೇಬೇಕು. ಇಳಿಯುವಾಗ ಒಂದು ಫೋಟಾನನ್ನು, ಎಂದರೆ ಬೆಳಕಿನ ಒಂದು ಕಣವನ್ನು ಬಿಟ್ಟು ಇಳಿಯಬಹುದು. ಅಥವಾ ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತ, ಶಕ್ತಿಯನ್ನು ಬಿಸಿಯಾಗಿ ಹಂಚುತ್ತ, ಸದ್ದಿಲ್ಲದೆ ಇಳಿಯಬಹುದು. ಮೊದಲನೆಯದಾದರೆ ಅದನ್ನು ರಾಸಾಯನಿಕ ದೀಪ್ತಿ ಎನ್ನುತ್ತೇವೆ. ಕೆಮಿಲ್ಯೂಮಿನಿಸೆನ್ಸ್ ಎಂಬ ಹೆಸರನ್ನು ಜರ್ಮನಿಯ ಐಲ್‌ಹಾರ್ಡ್ ವೀಡೆಮಾನ್ ಕೊಟ್ಟದ್ದು 1888ರಲ್ಲಿ.

ಹೀಗೆ ಹುಟ್ಟಿದ ಅಣುಗಳಲ್ಲಿ ಎಷ್ಟು ಬೆಳಕು ಬಿಟ್ಟು ಇಳಿಯುತ್ತವೆ? ನೀರಿನಲ್ಲಿ ಲ್ಯೂಮಿನಾಲಿನ ಲೆಕ್ಕ ನೂರಕ್ಕೆ ಸುಮಾರು ಒಂದು. ಉಳಿದ ತೊಂಬತ್ತೊಂಬತ್ತು ಪಾಲು ಬೆಳಕಾಗುವುದೇ ಇಲ್ಲ. ನಾವು ಒಂದು ಲೀಟರ್ ನೀರಿಗೆ 0.2 ಗ್ರಾಂ ಲ್ಯೂಮಿನಾಲ್ ಹಾಕುತ್ತೇವೆ. ಅದೆಲ್ಲ ಚೆನ್ನಾಗಿ ಉರಿದರೂ ಸಿಗುವ ಬೆಳಕಿನ ಶಕ್ತಿ ಮೂರು ಜೂಲ್‌ಗಳ ಸುಮಾರು. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಒಂದು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಎಳೆದುಕೊಳ್ಳುವ ವಿದ್ಯುತ್ತಿನಷ್ಟು. ಇಷ್ಟು ಸಣ್ಣ ಗಳಿಕೆಯಲ್ಲಿ ಯಾವುದೇ ಒಂದು ಸೋರಿಕೆ ಸೇರಿಕೊಂಡರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದಲೇ ಪ್ರಯೋಗಾಲಯದ ಸ್ಥಿತಿಗತಿ ಇಲ್ಲಿ ಇಷ್ಟು ದೊಡ್ಡ ಮಾತಾಗುತ್ತದೆ.

ಮತ್ತೆ ಆ ಶಾಲೆಗೆ ಬರುತ್ತೇನೆ. ಹುಡುಗಿಯ ಮೂರು ವಾಕ್ಯಗಳನ್ನು ಓದಿದ ಮೇಲೆ ನಾನು ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ನಾನು ಬಳಸಿದ ಕ್ಷಾರ ಕಾಸ್ಟಿಕ್ ಸೋಡಾ, ಅದರ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಳಗಿನ ಬಿಳಿ ಗುಳಿಗೆಗಳು ನೀರೊಡೆದು ಅಂಟಂಟಾಗಿ, ಮೇಲೆ ಹೊಪ್ಪಳೆ ಕಟ್ಟಿತ್ತು. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಮರಿಗೆ ಹೇಗೆ ನೀರಾಗುತ್ತದೆ ಎಂದು ನಿಮ್ಮ ಮನೆಗಳಲ್ಲಿ ನೋಡಿದ್ದೀರಿ. ಕಾಸ್ಟಿಕ್ ಸೋಡಾ ಅದಕ್ಕಿಂತ ನೂರುಪಾಲು ಬಾಯಾರಿದ ವಸ್ತು. ಗಾಳಿಯ ತೇವವನ್ನು ಕುಡಿಯುವುದಲ್ಲದೆ, ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹಿಡಿದುಕೊಂಡು ಕಾರ್ಬೊನೇಟ್ ಆಗಿ ಸಪ್ಪೆಯಾಗುತ್ತದೆ. ನಾನು ತಕ್ಕಡಿಯಲ್ಲಿ ತೂಗಿದ್ದು ಕ್ಷಾರವನ್ನಲ್ಲ, ಬಹುಪಾಲು ಮಳೆಯನ್ನು.

ಕ್ಷಾರ ಎಷ್ಟು ಗಟ್ಟಿ ಎಂದು ಅಂಕದಲ್ಲಿ ಹೇಳುವ ಪಿಎಚ್ ಮೀಟರ್ ಶಾಲೆಯಲ್ಲಿ ಇರಲಿಲ್ಲ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳನ್ನು ಮಾಡಿಕೊಂಡೆವು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ಅದು ಕ್ಷಾರದ ಪರೀಕ್ಷೆ ಎಂದು ಯಾರೂ ಹೇಳಿರಲಿಲ್ಲ ಅಷ್ಟೆ. ನನ್ನ ದ್ರಾವಣದಲ್ಲಿ ಅದ್ದಿದರೆ ಕಾಗದ ಕೆಂಪಾಗದೆ ಕಿತ್ತಳೆಯ ಹತ್ತಿರ ನಿಂತುಬಿಟ್ಟಿತು. ಹೈಡ್ರೋಜನ್ ಪೆರಾಕ್ಸೈಡ್ ಔಷಧದಂಗಡಿಯದು, ತೆರೆದು ಬಹಳ ದಿನವಾಗಿತ್ತು. ಅದರೊಳಗೆ ಹಸಿ ಆಲೂಗಡ್ಡೆಯ ಬಿಲ್ಲೆ ಹಾಕಿದೆವು. ಆಲೂಗಡ್ಡೆಯಲ್ಲಿರುವ ಕಿಣ್ವ ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡಿಸುತ್ತದೆ. ಬಾಟಲಿ ಹೊಸದಾಗಿದ್ದರೆ ನೊರೆ ಉಕ್ಕಬೇಕು. ಎರಡು ಮೂರು ಗುಳ್ಳೆಗಳು ಎದ್ದು ಸುಮ್ಮನಾದವು.

ಸರಿ, ಎರಡು ಅನುಮಾನಗಳು ಸಿಕ್ಕವು. ಈಗ ಏನು ಮಾಡಬೇಕು? ‘ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸು’ ಎಂದು ಪುಸ್ತಕ ಹೇಳುತ್ತದೆ. ಮುಂದಿನ ವಾರ ಪೇಟೆಯಿಂದ ಹೊಸ ಕ್ಷಾರ, ಹೊಸ ಪೆರಾಕ್ಸೈಡ್ ತಂದು ನಾಲ್ಕು ಲೋಟ ಇಟ್ಟೆವು. ಹಳೆಯದು–ಹಳೆಯದು: ಕತ್ತಲು. ಕ್ಷಾರ ಮಾತ್ರ ಹೊಸದು: ಕತ್ತಲು. ಪೆರಾಕ್ಸೈಡ್ ಮಾತ್ರ ಹೊಸದು: ಕಣ್ಣು ಕತ್ತಲಿಗೆ ಒಗ್ಗಿದ್ದವರಿಗೆ ಮಾತ್ರ ಕಂಡ ಮಂಜಿನಂಥ ಬೆಳಕು. ಎರಡೂ ಹೊಸದು: ಇಡೀ ಕೋಣೆಯ ಮಕ್ಕಳ ಮುಖ ನೀಲಿಯಾಯಿತು.

ಈ ನಾಲ್ಕು ಲೋಟಗಳ ಮೇಲೆ ನಾನು ಇನ್ನೂ ಯೋಚಿಸುತ್ತಿರುತ್ತೇನೆ. ಮೊದಲ ಬಾರಿಗೆ ಕ್ಷಾರವನ್ನು ಮಾತ್ರ ಬದಲಿಸಿ ಕತ್ತಲನ್ನು ಕಂಡು ‘ಕ್ಷಾರದ್ದು ತಪ್ಪಲ್ಲ’ ಎಂದು ಬರೆದುಬಿಟ್ಟಿದ್ದರೆ? ಪುಸ್ತಕದ ನಿಯಮವನ್ನು ಅಕ್ಷರಶಃ ಪಾಲಿಸಿಯೂ ತಪ್ಪು ಮಾಡುತ್ತಿದ್ದೆವು. ಸ್ಥಿತಿಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಜೊತೆಗೂಡಿ ಮಾಡುತ್ತವೆ. ಒಂದು ಕೆಟ್ಟಿದ್ದರೆ ಇನ್ನೊಂದು ಒಳ್ಳೆಯದಾಗಿದ್ದೂ ಕಾಣಿಸುವುದಿಲ್ಲ. ಒಂದೊಂದನ್ನೇ ಬದಲಿಸಿ, ಆಮೇಲೆ ಜೋಡಿ ಜೋಡಿಯಾಗಿಯೂ ಬದಲಿಸಿ. ಇದನ್ನು ಶಿಕ್ಷಕ ಮಿತ್ರರಿಗೆ ಒತ್ತಿ ಹೇಳುತ್ತೇನೆ.

ಕ್ಷಾರ ಇಷ್ಟು ಮುಖ್ಯವೇಕೆ ಎಂದರೆ, ಲ್ಯೂಮಿನಾಲನ್ನು ಉತ್ಕರ್ಷಿಸುವ ಕೆಲಸಕ್ಕೆ ಪೆರಾಕ್ಸೈಡ್ ಚುರುಕಾಗಿ ಇಳಿಯುವುದು ತನ್ನ ಒಂದು ಪ್ರೋಟಾನನ್ನು ಬಿಟ್ಟುಕೊಟ್ಟ ಮೇಲೆ. ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಡಬೇಕಾದರೆ ಪಿಎಚ್ 11.6ರ ಆಸುಪಾಸಿನಲ್ಲಿರಬೇಕು. ಪಿಎಚ್ 10ರಲ್ಲಿ ನೂರಕ್ಕೆ ಎರಡೂವರೆ ಅಣು ಹಾಗೆ ಸಿದ್ಧವಾಗಿರುತ್ತವೆ. ಪಿಎಚ್ 8ಕ್ಕೆ ಇಳಿದರೆ ಹತ್ತು ಸಾವಿರಕ್ಕೆ ಎರಡೂವರೆ. ಪಿಎಚ್ ಎರಡೇ ಅಂಕ ಇಳಿದರೂ ಕೆಲಸಗಾರರು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತಾರೆ. ನಮ್ಮ ಕಿತ್ತಳೆ ಬಣ್ಣದ ಕಾಗದ ಹೇಳುತ್ತಿದ್ದುದು ಇದನ್ನೇ.

ಹಾಗಿದ್ದರೆ ಕ್ಷಾರವನ್ನು ಸುರಿಯುತ್ತಲೇ ಹೋಗೋಣವೇ? ಅದೂ ಆಗದು. ಇದಕ್ಕೆ ಉತ್ತರ ನಮ್ಮ ಅಡಿಕೆ ತೋಟದಲ್ಲಿಯೇ ಇದೆ. ಲ್ಯೂಮಿನಾಲ್ ಬೆಳಗಲು ಕ್ರಿಯಾವರ್ಧಕವಾಗಿ, ಎಂದರೆ ಕ್ರಿಯೆಗೆ ವೇಗ ಕೊಡುವ ವಸ್ತುವಾಗಿ, ನಾವು ಬಳಸುವುದು ತಾಮ್ರದ ಸಲ್ಫೇಟನ್ನು, ಎಂದರೆ ಮೈಲುತುತ್ತವನ್ನು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತಕ್ಕೆ ಸುಣ್ಣ ಸೇರಿಸುತ್ತೀರಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಬಿದ್ದೊಡನೆ ನೀರಿನಲ್ಲಿ ಕರಗಿದ್ದ ತಾಮ್ರ ನೀಲಿ ಮೋಡದಂತೆ ಹೆಪ್ಪುಗಟ್ಟಿ ತೇಲುತ್ತದೆಯಲ್ಲ, ಅದು ತಾಮ್ರವು ಕ್ಷಾರದಲ್ಲಿ ಕರಗಿ ಉಳಿಯಲಾರದು ಎಂಬುದಕ್ಕೆ ಸಾಕ್ಷಿ. ತೋಟಕ್ಕೆ ಬೇಕಾದದ್ದು ಆ ಮೋಡವೇ, ಗೊನೆಯ ಮೇಲೆ ಅಂಟಿ ನಿಲ್ಲುವುದು ಅದು. ನಮ್ಮ ಲೋಟದಲ್ಲಿ ಮಾತ್ರ ಅದೇ ನಷ್ಟ: ಕ್ಷಾರ ಹೆಚ್ಚಾದರೆ ತಾಮ್ರ ಗಟ್ಟಿಯಾಗಿ ತಳ ಸೇರುತ್ತದೆ, ಕೆಲಸ ನಿಲ್ಲುತ್ತದೆ. ಆದ್ದರಿಂದ ತಾಮ್ರ ಬಳಸುವ ಪ್ರಯೋಗದಲ್ಲಿ ಕಾಸ್ಟಿಕ್ ಸೋಡಾಕ್ಕಿಂತ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್, ಸ್ವಲ್ಪ ಅಮೋನಿಯಂ ಕಾರ್ಬೊನೇಟ್ ಸೇರಿಸಿದ ಮಿಶ್ರಣ ಒಳ್ಳೆಯದು. ಪಿಎಚ್ ಒಂದು ಕಡೆ ನಿಲ್ಲುತ್ತದೆ, ಅಮೋನಿಯಾ ತಾಮ್ರವನ್ನು ಕರಗಿದ ರೂಪದಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರ್ಬೊನೇಟ್ ಕೆಡುವುದೂ ಕಡಿಮೆ.

ಬೋರ್ಡೋ ಮಾಡುವ ಹಿರಿಯರು ಸಿಂಪಡಿಸುವ ಮೊದಲು ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣ ಹಾಕುತ್ತಾರೆ. ಇದು ಅಪ್ಪಟ ಪ್ರಯೋಗಾಲಯದ ಬುದ್ಧಿ. ದ್ರಾವಣವನ್ನು ನಂಬಿ ಮರ ಹತ್ತುವುದಿಲ್ಲ, ಪರೀಕ್ಷಿಸಿ ಹತ್ತುತ್ತಾರೆ. ಅಂಥ ಮನೆಗಳಿಂದ ಬಂದ ಮಕ್ಕಳು ಶಾಲೆಯ ರೆಕಾರ್ಡಿನಲ್ಲಿ ಕಾಣದ ಬೆಳಕನ್ನು ಕಂಡೆವೆಂದು ಬರೆಯುವಂತಾದದ್ದು ನನಗೆ ಇಂದಿಗೂ ಸಂಕಟದ ವಿಷಯ.

ಬೋರ್ಡೋ ಎಂದಾಗ ಇನ್ನೊಂದು ಘಟನೆ ನೆನಪಾಗುತ್ತದೆ. ಬೇರೊಂದು ಊರಿನಲ್ಲಿ ಇದೇ ಪ್ರಯೋಗ. ಅಲ್ಲಿ ಬೆಳಕು ಬರಲಿಲ್ಲ ಎಂಬುದಲ್ಲ ತೊಂದರೆ, ಮೊದಲೇ ಬಂದುಬಿಟ್ಟಿತು. ಮೈಲುತುತ್ತ ಹಾಕುವ ಮುಂಚೆಯೇ, ಬರೀ ಲ್ಯೂಮಿನಾಲಿಗೆ ಪೆರಾಕ್ಸೈಡ್ ಸುರಿದಾಗಲೇ ಲೋಟದ ಅಂಚಿನಲ್ಲಿ ನೀಲಿ ಎಳೆಗಳು ಓಡಿದವು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಗಲಿಲ್ಲ, ಏಕೆಂದರೆ ಕಾರಣವಿಲ್ಲದೆ ಬಂದ ಬೆಳಕೂ ಬಾರದ ಬೆಳಕಿನಷ್ಟೇ ಗೊಂದಲ. ವಿಚಾರಿಸಿದರೆ, ನೀರು ತಂದ ಬಕೆಟ್ಟು ಹಿಂದಿನ ದಿನ ತೋಟದಲ್ಲಿ ಔಷಧ ಹೊಡೆಯಲು ಹೋಗಿತ್ತು! ತೊಳೆದಿದ್ದರು, ಆದರೆ ಲ್ಯೂಮಿನಾಲಿನ ಕಣ್ಣಿಗೆ ಆ ತೊಳೆತ ಸಾಲದು. ಕಣ್ಣಿಗೆ ಕಾಣದಷ್ಟು ತಾಮ್ರ ಅದಕ್ಕೆ ಧಾರಾಳವಾಯಿತು. ಆಮೇಲೆ ನಾವು ಬಯಲಿನಲ್ಲಿ ಗಾಜಿನ ಪಾತ್ರೆಯಿಟ್ಟು, ಮಾಡಿನ ನೀರು ತಾಗದಂತೆ ಹಿಡಿದ ಮಳೆನೀರನ್ನು ಬಳಸಿದೆವು. ಆ ಲೋಟ ಕತ್ತಲಾಗಿ ನಿಂತಿತು. ಕ್ರಿಯಾವರ್ಧಕ ಹಾಕದ ಇಂಥ ಒಂದು ಖಾಲಿ ಲೋಟ ಪಕ್ಕದಲ್ಲಿಲ್ಲದೆ ಯಾವ ಬೆಳಕನ್ನೂ ನಂಬಬೇಡಿ.

ಲ್ಯೂಮಿನಾಲ್ ಬೆಳಗುವುದನ್ನು 1928ರಲ್ಲಿ ಆಲ್‌ಬ್ರೆಖ್ಟ್ ವಿವರವಾಗಿ ವರದಿ ಮಾಡಿದರು. 1937ರಲ್ಲಿ ವಾಲ್ಟರ್ ಸ್ಪೆಖ್ಟ್ ಅದನ್ನು ರಕ್ತದ ಕಲೆ ಹುಡುಕಲು ಬಳಸಬಹುದೆಂದು ತೋರಿಸಿದರು. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಅಲ್ಲಿ ಕ್ರಿಯಾವರ್ಧಕ. ಆದರೆ ತುಕ್ಕು, ತಾಮ್ರ, ಬ್ಲೀಚಿಂಗ್ ದ್ರಾವಣ, ಮೂಲಂಗಿಯಂಥ ತರಕಾರಿಯ ಕಿಣ್ವ ಕೂಡ ಅದೇ ಬೆಳಕನ್ನು ಕೊಡುತ್ತವೆ. ಬಕೆಟ್ಟಿನ ತಪ್ಪು ನಮಗೆ ಒಂದು ಮಧ್ಯಾಹ್ನವನ್ನು ಕಳೆಯಿತು. ಅಪರಾಧ ನಡೆದ ಸ್ಥಳದಲ್ಲಿ ಅದೇ ತಪ್ಪಾದರೆ ಒಬ್ಬ ಮನುಷ್ಯನ ಬದುಕು ಹೋಗಬಹುದು. ಆದ್ದರಿಂದಲೇ ಲ್ಯೂಮಿನಾಲ್ ಹೊಳೆದರೆ ‘ಇಲ್ಲಿ ರಕ್ತವಿರಬಹುದು’ ಎಂದಷ್ಟೇ ಹೇಳುತ್ತಾರೆ, ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ.

ಕ್ರಿಯಾವರ್ಧಕವನ್ನು ಕುರಿತು ಇನ್ನೊಂದು ಮಾತು, ನನಗೆ ಬಹಳ ಇಷ್ಟವಾದದ್ದು. ಪೊಟ್ಯಾಸಿಯಂ ಫೆರಿಸಯನೈಡನ್ನೂ ಈ ಪ್ರಯೋಗಕ್ಕೆ ಬಳಸುತ್ತಾರೆ. ಅದರ ದ್ರಾವಣ ಹಳದಿ. ಹಳದಿ ಏಕೆಂದರೆ ಅದು 420 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ನೇರಳೆ–ನೀಲಿ ಬೆಳಕನ್ನು ನುಂಗುತ್ತದೆ. ನೀರಿನಲ್ಲಿ ಲ್ಯೂಮಿನಾಲ್ ಬಿಡುವ ಬೆಳಕು 425 ನ್ಯಾನೊಮೀಟರಿನದು. ಎಂದರೆ ಬೆಳಕನ್ನು ಹುಟ್ಟಿಸುವ ವಸ್ತುವೇ ಅದನ್ನು ತಿನ್ನುತ್ತದೆ. ಚಿಟಿಕೆ ಹಾಕಿದರೆ ಲೋಟ ಬೆಳಗುತ್ತದೆ. ‘ಇನ್ನೂ ಬೆಳಗಲಿ’ ಎಂದು ಚಮಚ ಹಾಕಿದರೆ, ಹುಟ್ಟಿದ ಬೆಳಕು ಗಾಜಿನವರೆಗೆ ಬರುವುದರೊಳಗೆ ಕರಗಿಹೋಗುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆ ಎಂಬ ಲೆಕ್ಕ ಈ ಬೆಳಕಿನ ಚರಿತ್ರೆಯಲ್ಲಿ ಮೊದಲಿನಿಂದಲೂ ಸೋತಿದೆ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರ್ಯಾಂಡ್ ಮೂತ್ರದಿಂದ ರಂಜಕವನ್ನು ಬೇರ್ಪಡಿಸಿದಾಗ ಅದು ಕತ್ತಲಲ್ಲಿ ಹಸಿರಾಗಿ ಹೊಳೆಯಿತು. ಅದು ಗಾಳಿಯ ಆಮ್ಲಜನಕದಿಂದ ಹೊಳೆಯುತ್ತದೆ ಎಂದು ಮುಂದೆ ಗೊತ್ತಾಯಿತು. ಹಾಗಾದರೆ ಶುದ್ಧ ಆಮ್ಲಜನಕದಲ್ಲಿಟ್ಟರೆ ಇನ್ನೂ ಹೊಳೆಯಬೇಕಲ್ಲವೇ? ಸಾಮಾನ್ಯ ಒತ್ತಡದ ಶುದ್ಧ ಆಮ್ಲಜನಕದಲ್ಲಿ ಅದು ಹೊಳೆಯುವುದೇ ಇಲ್ಲ. ಆಮ್ಲಜನಕವನ್ನು ತೆಳುವಾಗಿಸುತ್ತ ಹೋದಾಗ, ಒಂದು ಮಿತಿಯೊಳಗೆ ಮಾತ್ರ ಬೆಳಕು ಹುಟ್ಟುತ್ತದೆ.

ಗಾಳಿಯ ಮಾತು ಬಂದದ್ದರಿಂದ ಆಗುಂಬೆಯ ಕಾಡಿಗೆ ಒಮ್ಮೆ ಹೋಗಿ ಬರೋಣ. ಮಳೆಗಾಲದ ರಾತ್ರಿ, ಟಾರ್ಚ್ ಆರಿಸಿ ಹತ್ತು ಹದಿನೈದು ನಿಮಿಷ ಸುಮ್ಮನೆ ನಿಂತರೆ, ಕೊಳೆತ ಕಟ್ಟಿಗೆಯ ಮೇಲೆ ತೆಳು ಹಸಿರು ಬೆಳಕು ಕಾಣಬಹುದು. ಅದು ಶಿಲೀಂಧ್ರದ ಬೆಳಕು. 1667ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಹೊಳೆಯುವ ಕಟ್ಟಿಗೆಯ ತುಂಡನ್ನು ಗಾಜಿನ ಬುರುಡೆಯೊಳಗಿಟ್ಟು ಪಂಪಿನಿಂದ ಗಾಳಿ ತೆಗೆದರು. ಬೆಳಕು ನಂದಿತು. ಗಾಳಿ ಬಿಟ್ಟಾಗ ಮರಳಿ ಬಂತು. ಆಮ್ಲಜನಕ ಎಂಬ ಹೆಸರೇ ಹುಟ್ಟಿರದ ಕಾಲದಲ್ಲಿ, ಒಂದೇ ಒಂದು ಸ್ಥಿತಿಯನ್ನು ಬದಲಿಸಿ, ಮತ್ತೆ ಹಿಂದಕ್ಕೆ ತಂದು ನೋಡಿದ ಆ ಪ್ರಯೋಗದಷ್ಟು ಚೊಕ್ಕಟವಾದದ್ದು ನನಗೆ ಬೇರೆ ಗೊತ್ತಿಲ್ಲ.

ಮಿಂಚುಹುಳುವಿನದು ಇನ್ನೂ ಸೊಗಸು. ಮುಂಗಾರಿಗೆ ಮುಂಚೆ, ರೋಹಿಣಿ ಮಳೆಯ ಹೊತ್ತಿಗೆ, ಇಡೀ ಮರ ಒಮ್ಮೆಗೇ ಹೊತ್ತಿ ಒಮ್ಮೆಗೇ ಆರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹುಳದ ಹೊಟ್ಟೆಯಲ್ಲಿ ಲ್ಯೂಸಿಫೆರಿನ್ ಎಂಬ ವಸ್ತು, ಲ್ಯೂಸಿಫರೇಸ್ ಎಂಬ ಕಿಣ್ವ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು, ಮೆಗ್ನೀಷಿಯಂ, ಆಮ್ಲಜನಕ ಇಷ್ಟೂ ಕೂಡಬೇಕು. ಅಮೆರಿಕದ ಒಂದು ಜಾತಿಯ ಮಿಂಚುಹುಳುವಿನ ಈ ಸಾಮಗ್ರಿಯನ್ನು ಹೊರತೆಗೆದು ಪ್ರನಾಳದಲ್ಲಿ ಬೆರೆಸಿ ನೋಡಿದ್ದಾರೆ. ಪಿಎಚ್ 7.8ರ ಸುಮಾರಿಗೆ ಹಳದಿ ಹಸಿರು ಬೆಳಕು, 560 ನ್ಯಾನೊಮೀಟರ್ ಹತ್ತಿರ. ಪಿಎಚ್ ಅನ್ನು 6ರ ಕಡೆಗೆ ಇಳಿಸಿದರೆ ಬೆಳಕು ಮಂಕಾಗುವುದಷ್ಟೇ ಅಲ್ಲ, ಬಣ್ಣವೇ ಬದಲಾಗಿ ಕೆಂಪಾಗುತ್ತದೆ, 620ರ ಆಸುಪಾಸು. ಬಿಸಿ ಹೆಚ್ಚಿಸಿದರೂ, ಸತುವಿನಂಥ ಲೋಹದ ಅಯಾನುಗಳನ್ನು ಸೇರಿಸಿದರೂ ಕೆಂಪಿನ ಕಡೆಗೇ ಸರಿಯುತ್ತದೆ. ಅದೇ ಅಣು, ಅದೇ ಕಿಣ್ವ. ಸುತ್ತಲಿನ ನೀರು ಬೇರೆ, ಬೆಳಕು ಬೇರೆ.

ಲ್ಯೂಮಿನಾಲಿಗೂ ಹೀಗೊಂದು ಗುಣವಿದೆ. ನೀರಿಗೆ ಬದಲಾಗಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಕ್ಷಾರ ಹಾಕಿ ಅಲುಗಾಡಿಸಿದರೆ ಪೆರಾಕ್ಸೈಡೂ ಬೇಡ, ತಾಮ್ರವೂ ಬೇಡ. ಗಾಳಿಯ ಆಮ್ಲಜನಕವೇ ಸಾಕು. ಆಗ ಬೆಳಕು ನೇರಳೆ–ನೀಲಿಯಲ್ಲ, ಹಸಿರು ಬೆರೆತ ನೀಲಿ. ಬಾಟಲಿಯನ್ನು ಅಲುಗಾಡಿಸಿದಾಗ ಬೆಳಗುತ್ತದೆ, ಸುಮ್ಮನೆ ಇಟ್ಟರೆ ಮಂಕಾಗುತ್ತದೆ, ಮತ್ತೆ ಅಲುಗಾಡಿಸಿದರೆ ಮತ್ತೆ ಬರುತ್ತದೆ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ. ಆ ದ್ರಾವಕ ಚರ್ಮದೊಳಕ್ಕೆ ಇಳಿಯುತ್ತದೆ, ತನ್ನೊಂದಿಗೆ ಕರಗಿದ್ದನ್ನೂ ಒಯ್ಯುತ್ತದೆ.

ಇನ್ನು ಅಳತೆಯ ವಿಷಯ. ನೋಡುವವನೂ ಪ್ರಯೋಗದ ಒಂದು ಸ್ಥಿತಿ ಎಂಬುದನ್ನು ನಾವು ಮರೆಯುತ್ತೇವೆ. ಬಿಸಿಲಿನಿಂದ ಒಳಗೆ ಬಂದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಮ್ಮ ಮೂರನೆಯ ಲೋಟದ ಮಂಜಿನ ಬೆಳಕು ಕೆಲವರಿಗೆ ಕಂಡು ಕೆಲವರಿಗೆ ಕಾಣದೆ ಇದ್ದದ್ದು ಇದರಿಂದಲೇ. ಯಾರೂ ಸುಳ್ಳು ಹೇಳಿರಲಿಲ್ಲ. ಕತ್ತಲಿಗೆ ಒಗ್ಗಿದ ಕಣ್ಣಿಗೆ ನೀಲಿ–ಹಸಿರು ಚೆನ್ನಾಗಿ ಕಾಣುತ್ತದೆ, ಕೆಂಪು ಬಹುತೇಕ ಕಾಣುವುದಿಲ್ಲ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ, ಅದರ ಕ್ಯಾಮೆರಾದಿಂದ ಅಳೆಯಬಹುದು. ಆದರೆ ಅದನ್ನು ಅದರ ಪಾಡಿಗೆ ಬಿಟ್ಟರೆ ಕತ್ತಲು ಕಂಡೊಡನೆ ತಾನೇ ಬೆಳಕನ್ನು ಹಿಗ್ಗಿಸಿಕೊಂಡು, ಮಂಕು ಲೋಟವನ್ನೂ ಪ್ರಖರ ಲೋಟವನ್ನೂ ಒಂದೇ ಥರ ತೋರಿಸುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಮತ್ತು ಶಟರ್ ವೇಗವನ್ನು ಕೈಯಾರೆ ಒಂದೇ ಕಡೆ ನಿಲ್ಲಿಸಿ, ಮೊಬೈಲನ್ನು ಒಂದೇ ದೂರದಲ್ಲಿಟ್ಟು ಚಿತ್ರ ತೆಗೆಯಿರಿ. ಸುರಿದ ಕ್ಷಣದಿಂದ ಎಷ್ಟನೆಯ ಸೆಕೆಂಡಿನಲ್ಲಿ ತೆಗೆದದ್ದು ಎಂದೂ ಬರೆಯಿರಿ. ಈ ಬೆಳಕು ಕೆಲವೇ ಸೆಕೆಂಡುಗಳಲ್ಲಿ ಏರಿ ಇಳಿಯುತ್ತದೆ. ಒಬ್ಬ ಬೇಗ ಸುರಿದು ಇನ್ನೊಬ್ಬ ನಿಧಾನ ಸುರಿದರೆ ಅಳೆದದ್ದು ಲ್ಯೂಮಿನಾಲನ್ನಲ್ಲ, ಇಬ್ಬರ ಕೈಗಳನ್ನು.

ದೊಡ್ಡ ಪ್ರಯೋಗಾಲಯಗಳಿಗೂ ಇದು ತಪ್ಪಿದ್ದಲ್ಲ. ಮಿಂಚುಹುಳುವಿನ ಲ್ಯೂಸಿಫೆರಿನ್ ಅಣುಗಳಲ್ಲಿ ನೂರಕ್ಕೆ 88 ಬೆಳಕು ಕೊಡುತ್ತವೆ ಎಂದು 1960ರಲ್ಲಿ ಪ್ರಕಟವಾದ ಅಳತೆ ಸುಮಾರು ಅರ್ಧ ಶತಮಾನ ಪಠ್ಯಪುಸ್ತಕಗಳಲ್ಲಿತ್ತು. 2008ರಲ್ಲಿ ಜಪಾನಿನ ಸಂಶೋಧಕರು ಹೆಚ್ಚು ಎಚ್ಚರದಿಂದ ಹೊಂದಿಸಿದ ಉಪಕರಣದಿಂದ ಅಳೆದಾಗ ಅದು 41ಕ್ಕೆ ಇಳಿಯಿತು. ಹುಳ ಬದಲಾಗಿರಲಿಲ್ಲ.

ಇದೆಲ್ಲ ಶಾಲೆಯ ಆಟ ಎಂದು ಯಾರಾದರೂ ಅಂದುಕೊಂಡಿದ್ದರೆ, ನಿಮ್ಮ ಥೈರಾಯ್ಡ್ ಪರೀಕ್ಷೆಯ ವರದಿಯನ್ನು ಮನೆಗೆ ಹೋಗಿ ತೆಗೆದು ನೋಡಿ. ಪರೀಕ್ಷೆಯ ವಿಧಾನ ಎಂಬಲ್ಲಿ ಸಿಎಲ್‌ಐಎ ಎಂದು ಅಚ್ಚಾಗಿರುವ ಸಾಧ್ಯತೆ ಬಹಳ. ಅದು ರಾಸಾಯನಿಕ ದೀಪ್ತಿಯ ವಿಧಾನ. ನಿಮ್ಮ ರಕ್ತದ ಹಾರ್ಮೋನಿಗೆ ಅಂಟಿಕೊಂಡ ಒಂದು ವಸ್ತುವನ್ನು ಬೆಳಗಿಸಿ, ಆ ಬೆಳಕನ್ನು ಎಣಿಸಿ ಸಂಖ್ಯೆ ಕೊಡುತ್ತಾರೆ. ಯಂತ್ರ ಪ್ರನಾಳವನ್ನು 37 ಡಿಗ್ರಿಯಲ್ಲಿಯೇ ಹಿಡಿದಿಡುವುದು, ದ್ರಾವಣವನ್ನು ನಿಗದಿತ ಕ್ಷಣದಲ್ಲಿಯೇ ಚುಚ್ಚುವುದು, ಹೊರಗಿನ ಬೆಳಕಿನ ಒಂದು ಎಳೆಯೂ ಒಳಬಾರದಂತೆ ಮುಚ್ಚುವುದು, ಎಲ್ಲವೂ ನಾವು ನಾಲ್ಕು ಲೋಟಗಳಲ್ಲಿ ಕಲಿತ ಪಾಠಗಳೇ. ವೈದ್ಯರು ಮಾತ್ರೆಯ ಪ್ರಮಾಣ ನಿರ್ಧರಿಸುವುದು ಆ ಸಂಖ್ಯೆಯನ್ನು ನೋಡಿ.

ಶಿಕ್ಷಕರಿಗೆ ಕೆಲವು ಮಾತು ಬೇಗ ಹೇಳಿ ಮುಗಿಸುತ್ತೇನೆ. ಲ್ಯೂಮಿನಾಲ್ ದ್ರಾವಣವನ್ನು ಅಂದಂದೇ ಮಾಡಿಕೊಳ್ಳಿ. ಪೆರಾಕ್ಸೈಡ್ ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯಿರಿ, ತಂಪಾದ ಕತ್ತಲಲ್ಲಿ ಇಡಿ. ಕ್ಷಾರದ ಹನಿ ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಕನ್ನಡಕ ಹಾಕದೆ ಮುಟ್ಟಬೇಡಿ. ಉಳಿದ ತಾಮ್ರದ ದ್ರಾವಣವನ್ನು ಶಾಲೆಯ ಹಿಂದಿನ ಹಳ್ಳಕ್ಕೆ ಚೆಲ್ಲಬೇಡಿ. ಹಳ್ಳ ಎಲ್ಲಿ ಹೋಗಿ ಸೇರುತ್ತದೆ ಎಂದು ತುಂಗೆಯ ದಡದಲ್ಲಿರುವ ನಮಗೆ ಗೊತ್ತು. ಮತ್ತು ರೆಕಾರ್ಡಿನಲ್ಲಿ ‘ಫಲಿತಾಂಶ’ಕ್ಕೆ ಮೊದಲು ಒಂದು ಸಾಲು ಜಾಗ ಬಿಡಿಸಿ: ಅವತ್ತಿನ ಬಿಸಿ ಎಷ್ಟು, ಮಳೆಯೇ ಬಿಸಿಲೇ, ನೀರು ಎಲ್ಲಿಂದ ತಂದದ್ದು.

ಈಗ ದೀಪ ಆರಿಸಿ. ಮೇಜಿನ ಮೇಲಿನ ಮೂರು ಲೋಟಗಳನ್ನು ನೋಡೋಣ.

(ದೀಪ ಆರಿಸಿದೆವು. ಮಾತು ಶುರುವಾಗಿ ಒಂದು ಗಂಟೆಯ ಮೇಲಾಗಿತ್ತು. ಬಿಸಿನೀರಿನ ಬಳೆ ಬೂದಿ ಮುಚ್ಚಿದ ಕೆಂಡದ ಹಾಗೆ ಕುಗ್ಗಿತ್ತು. ನಲ್ಲಿ ನೀರಿನದು ಸಾಧಾರಣವಾಗಿ ಬೆಳಗುತ್ತಿತ್ತು. ಐಸಿನ ಲೋಟ ಬಹುಮಟ್ಟಿಗೆ ಕತ್ತಲು.)

ಈ ಬಳೆಯೊಳಗೆ ಆಕ್ಸಲೇಟ್ ಎಸ್ಟರ್ ಎಂಬ ವಸ್ತುವಿಗೆ ಪೆರಾಕ್ಸೈಡ್ ತಾಗಿ, ಹುಟ್ಟಿದ ಶಕ್ತಿಯನ್ನು ಒಂದು ಬಣ್ಣದ ಅಣು ಪಡೆದುಕೊಂಡು ಹಸಿರಾಗಿ ಬೆಳಗುತ್ತದೆ. ತೇವ ತಾಗಿದರೆ ಆ ಎಸ್ಟರ್ ಬೆಳಗುವ ಮೊದಲೇ ಒಡೆದುಹೋಗುತ್ತದೆ, ಅದಕ್ಕೇ ಅಲ್ಯೂಮಿನಿಯಂ ಹಾಳೆಯ ಪೊಟ್ಟಣ. ಬಿಸಿಯಲ್ಲಿ ಕ್ರಿಯೆ ಓಡುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚು ಕಡಿಮೆ ಎರಡು ಪಟ್ಟು ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಬಿಸಿನೀರಿನ ಬಳೆ ತನ್ನ ಪಾಲಿನದನ್ನು ಆತುರದಲ್ಲಿ ಖರ್ಚು ಮಾಡಿತು. ಐಸಿನದು ಬಹುಪಾಲು ಹಾಗೆಯೇ ಇಟ್ಟುಕೊಂಡಿದೆ. ನೀವೇ ಪರೀಕ್ಷಿಸಿ.

(ಐಸಿನ ಲೋಟದಿಂದ ತೆಗೆದ ಬಳೆಯನ್ನು ಒರೆಸಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಗೆ ಕೊಟ್ಟೆ. ಅವಳು ಅದನ್ನು ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡಳು. ಒಂದೆರಡು ನಿಮಿಷ ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಆಮೇಲೆ ಅವಳ ಬೆರಳುಗಳ ಸಂದಿಯಿಂದ ಹಸಿರು ಬೆಳಕು ಹೊರಗೆ ಬರತೊಡಗಿತು.)